ಕುಸ್ನಮ್ಮನ ಚೌಕಳಿ ಹಾಳೆ

ನಮ್ಮ ಮನೆಯಲ್ಲಿ ಅಪ್ಪ ಅಮ್ಮನ ನಡುವೆ ಮಾತು ನಿಂತಾಗಲೆಲ್ಲ ನನ್ನ ಕೆಲಸ ಶುರುವಾಗುತ್ತಿತ್ತು. ‘ನಿಮ್ಮಪ್ಪಂಗೆ ಹೇಳು’ ಎಂದು ಅಮ್ಮ, ‘ನಿಮ್ಮಮ್ಮಂಗೆ ಹೇಳು’ ಎಂದು ಅಪ್ಪ. ಇದರಲ್ಲಿ ವಿಶೇಷವೇನಿಲ್ಲ, ನೀವೂ ಚಿಕ್ಕವರಿದ್ದಾಗ ಈ ಕೆಲಸ ಮಾಡಿರುತ್ತೀರಿ. ಆದರೆ ಬೇರೆಯವರ ಮನೆಯಲ್ಲಿ ಮುನಿಸಿಕೊಂಡ ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ, ಮಗು ಬಾಯಿ ತೆರೆಯುವ ಮೊದಲೇ ಇಬ್ಬರಿಗೂ ಎಲ್ಲ ಕೇಳಿಸಿರುತ್ತದೆ. ನಮ್ಮದು ಹಾಗಲ್ಲ. ಅಪ್ಪ ಒಂದು ಹೋಟೆಲಿನ ಬೇಸ್‌ಮೆಂಟಿನಲ್ಲಿ ದೋಸೆ ಹುಯ್ಯುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಹೋದವರು ಮಧ್ಯಾಹ್ನದ ಊಟದ ಗಿರಾಕಿಗಳು ಮುಗಿದ ಮೇಲೆ ಮೂರೂವರೆಗೆ ಬಂದು ಸೋಫಾದ ಮೇಲೆ ಉರುಳಿಕೊಂಡು, ಐದೂವರೆಗೆ ಮತ್ತೆ ಕೋಟು ಹಾಕಿಕೊಂಡು ಹೊರಡುತ್ತಿದ್ದರು. ಅಮ್ಮ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿದ್ದರು. ಏಳು ಗಂಟೆಗೆ ಮುಂಚೆ ಮನೆ ಬಿಟ್ಟರೆ ಬರುವಾಗ ಸಂಜೆ ಆರು. ನಾನು ಸ್ಕೂಲಿನಿಂದ ನಾಲ್ಕಕ್ಕೆ ಬರುತ್ತಿದ್ದೆ. ಅಂದರೆ ಅಪ್ಪನ ಮಾತು ನನ್ನ ಕೈಗೆ ಬಂದು ಅಮ್ಮನ ಕಿವಿಗೆ ಬೀಳುವ ಮೊದಲು ಐದೂವರೆಯಿಂದ ಆರರವರೆಗೆ ಪೂರ್ತಿ ಅರ್ಧ ಗಂಟೆ ಅದು ನನ್ನ ಬಳಿ ಇರುತ್ತಿತ್ತು. ಹನ್ನೆರಡು ವರ್ಷದ ಹುಡುಗಿಯ ಕೈಯಲ್ಲಿ ಅದು ಇದ್ದ ಹಾಗೇ ಇರುತ್ತದೆಯೇ?

ಲಂಡನ್ನಿನ ಕಿಂಗ್ಸ್‌ಬರಿಯ ಆ ಬಾಡಿಗೆ ಮನೆ ಇಕ್ಕಟ್ಟಾಗಿತ್ತು. ಕೆಳಗೆ ಒಂದು ಕೋಣೆ, ಅಡುಗೆಮನೆ. ಮೇಲೆ ರಸ್ತೆಗೆ ಮುಖ ಮಾಡಿದ ದೊಡ್ಡ ರೂಮು, ಹಿಂದೆ ಅಪ್ಪ ಅಮ್ಮನ ರೂಮು, ಎರಡರ ನಡುವೆ ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯದ ನನ್ನ ಗೂಡು. ಆ ದೊಡ್ಡ ರೂಮನ್ನು ಬಾಡಿಗೆಗೆ ಕೊಡಲು ನ್ಯೂಸ್‌ಪೇಪರ್ ಅಂಗಡಿಯ ಕಿಟಕಿಯಲ್ಲಿ ಅಪ್ಪ ಒಂದು ಕಾರ್ಡು ಅಂಟಿಸಿದ್ದರು: ರೂಮ್ ಇದೆ, ಸಸ್ಯಾಹಾರಿ ಕುಟುಂಬ, ಪ್ರಶಾಂತ ಮನೆ. ಅದನ್ನು ಓದಿಕೊಂಡು ಬಂದವರು ಬೆಳ್ಳಗಿನ ಗಿಡ್ಡ ಕೂದಲಿನ, ನನ್ನಷ್ಟೇ ಎತ್ತರದ ಜಪಾನಿನ ಹೆಂಗಸು. ಹೆಸರು ಕುಸನೊ, ಮರ್ಯಾದೆಗೆ ಕುಸನೊ ಸಾನ್. ಅವರು ಬಾಗಿಲಲ್ಲಿ ನಿಂತಿದ್ದಾಗ ಒಳಗೆ ಅಪ್ಪ ಅಮ್ಮ ಆ ಕಾರ್ಡಿನ ಬಗ್ಗೆಯೇ ಕಿತ್ತಾಡುತ್ತಿದ್ದರು. ತನ್ನನ್ನು ಒಂದು ಮಾತು ಕೇಳದೆ ಅಂಟಿಸಿಬಂದಿರಿ ಎಂದು ಅಮ್ಮ. ಕುಸನೊ ಸಾನ್ ಕೊನೆಯವರೆಗೂ ಕೇಳಿಸಿಕೊಂಡು ಆಮೇಲೆ ಗಂಟೆ ಒತ್ತಿದರಂತೆ.

"ಕಾರ್ಡಿನಲ್ಲಿ ಸುಳ್ಳು ಬರೆದಿದ್ದೀರಿ," ಅಂದರು ತಮ್ಮ ತುಂಡು ಇಂಗ್ಲಿಷಿನಲ್ಲಿ. "ಈ ಮನೆ ಪ್ರಶಾಂತ ಇಲ್ಲ. ಅದಕ್ಕೇ ನನಗೆ ರೂಮ್ ಬೇಕು. ಪಿನ್ನರ್‌ನಲ್ಲಿ ನನ್ನ ಮನೆಯ ಗೋಡೆಯಾಚೆ ಯಾರೂ ಜಗಳ ಆಡುವುದಿಲ್ಲ. ಹತ್ತು ವರ್ಷದಿಂದ ಅಲ್ಲಿ ನನ್ನ ಕೆಲಸ ಮುಂದೆ ಹೋಗಿಲ್ಲ."

ಅವರು ನಾಟಕ ಬರೆಯುವವರು, ಅದಕ್ಕೂ ಮೊದಲು ಸಿನಿಮಾಕ್ಕೆ, ಟಿವಿಗೆ ಬರೆದವರು ಎಂದು ನಮಗೆ ತಿಳಿಯಲು ಆರು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಯಾವುದೋ ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದವರು ಎಂದೇ ಅಪ್ಪ ನಂಬಿದ್ದರು, ಅಷ್ಟು ಬರೆಯುತ್ತಿದ್ದರು. ಗಂಡ ಇಂಗ್ಲೆಂಡಿನವನು. ಸಿನಿಮಾಕ್ಕೆ ಧ್ವನಿ ಹಿಡಿಯಲು ಟೋಕಿಯೋಗೆ ಹೋದಾಗ ಪರಿಚಯವಾಗಿ, ಇವರನ್ನು ಪಿನ್ನರ್‌ಗೆ ಕರೆತಂದು, ಒಂದು ದಿನ ತೋಟದಲ್ಲಿ ಕೂತಲ್ಲೇ ತೀರಿಕೊಂಡಿದ್ದ. ಅಮ್ಮನ ಬಾಯಲ್ಲಿ ‘ಕುಸನೊ ಸಾನ್’ ನಿಲ್ಲಲಿಲ್ಲ. ಒಂದೇ ವಾರಕ್ಕೆ ಅವರು ಕುಸ್ನಮ್ಮ ಆದರು. ಕರೆದರೆ ಕುಸ್ನಮ್ಮ ಓಗೊಡುತ್ತಲೂ ಇದ್ದರು. ಮೀನು ಮಾತ್ರ ಮನೆಯೊಳಗೆ ತರಕೂಡದು ಎಂಬುದು ಕರಾರು. ತರಲೂ ಇಲ್ಲ, ಡಬ್ಬಿಯಲ್ಲಿ ಕೊಂಡು ಪಾರ್ಕಿನ ಬೆಂಚಿನ ಮೇಲೆ ಕೂತು ತಿನ್ನುತ್ತಿದ್ದರು. ಆದರೂ ಒಮ್ಮೆ ಅವರ ಮೇಜಿನ ಮೇಲೆ ಕಂಡ ತೆಳ್ಳನೆಯ ಚಕ್ಕೆಗಳನ್ನು ಪೆನ್ಸಿಲ್ ಕೆತ್ತಿದ ಹೊಟ್ಟು ಅಂದುಕೊಂಡು ಅಮ್ಮ ಬರಿಗೈಯಲ್ಲಿ ಬಳಿದು ತುಳಸಿ ಕುಂಡಕ್ಕೆ ಹಾಕಿಬಿಟ್ಟರು. ಅದು ಒಣಗಿಸಿ ಹೆರೆದ ಮೀನು ಎಂದು ಕುಸ್ನಮ್ಮನೇ ಬಂದು ತಪ್ಪೊಪ್ಪಿಕೊಂಡರು. ಅಮ್ಮ ಅವತ್ತು ಎರಡು ಸಲ ತಲೆಗೆ ನೀರು ಹಾಕಿಕೊಂಡರು. "ತುಳಸಿ ಏನೋ ಚೆನ್ನಾಗೇ ಚಿಗುರೈತೆ," ಎಂದು ಅಪ್ಪ ತಿಂಗಳುಗಟ್ಟಲೆ ರೇಗಿಸಿದರು.

ಸಂಜೆ ನಾನು ಹೋಮ್‌ವರ್ಕ್ ಮಾಡುತ್ತಿದ್ದದ್ದು ಅವರ ರೂಮಿನಲ್ಲಿ, ಏಕೆಂದರೆ ಬರೆಯುವ ಮೇಜು ಇದ್ದದ್ದು ಅಲ್ಲಿ ಮಾತ್ರ. ಅವರ ಹಾಳೆಯ ತುಂಬ ಪುಟ್ಟ ಪುಟ್ಟ ಚೌಕಗಳು. ಒಂದು ಚೌಕಕ್ಕೆ ಒಂದೇ ಅಕ್ಷರ, ಮೇಲಿನಿಂದ ಕೆಳಕ್ಕೆ. ಪ್ರತಿ ಸೀನ್ ಶುರುಮಾಡುವ ಮೊದಲು ಹಾಳೆಯ ಅಂಚಿನಲ್ಲಿ ಆ ಮನೆಯಲ್ಲಿ ಅವತ್ತು ಊಟಕ್ಕೆ ಏನು ಎಂದು ಬರೆದುಕೊಳ್ಳುತ್ತಿದ್ದರು. ಮನೆಯವರು ಏನು ತಿನ್ನುತ್ತಾರೆ, ಯಾರು ಬಡಿಸುತ್ತಾರೆ, ಯಾರು ಬಿಡುತ್ತಾರೆ ಎಂದು ಗೊತ್ತಾಗದೆ ಒಂದು ಮಾತೂ ಬರೆಯುವಂತಿಲ್ಲ ಎಂಬುದು ಅವರ ಪದ್ಧತಿ. ಟಿವಿಯಲ್ಲಿ ದಿನಾ ಬೆಳಿಗ್ಗೆ ಕಾಲು ಗಂಟೆ ಬರುವ ಮನೆವಾರ್ತೆಯ ಕಥೆಗಳನ್ನು ವರ್ಷಾನುಗಟ್ಟಲೆ ಹೀಗೇ ಬರೆದಿದ್ದರಂತೆ. ಬರೆದು ಮುಗಿಸುವವರೆಗೆ ನಿರ್ಮಾಪಕರು ಅವರನ್ನು ಒಂದು ವಸತಿಗೃಹದಲ್ಲಿ ಕೂಡಿಹಾಕಿ, ಊಟ ಮಾತ್ರ ಒಳಗೆ ಕಳಿಸುತ್ತಿದ್ದರಂತೆ. "ಜೈಲಾ?" ಎಂದು ಕೇಳಿದರೆ "ಜೈಲಿನಲ್ಲಿ ಅಷ್ಟು ಒಳ್ಳೆಯ ಉಪ್ಪಿನಕಾಯಿ ಇರುವುದಿಲ್ಲ" ಅಂದರು. ಇನ್ನೊಂದು ವಿಷಯ ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ಬರೆಯುತ್ತ ಬರೆಯುತ್ತ ಕೆಲವೊಮ್ಮೆ ಪೆನ್ಸಿಲನ್ನು ಚೌಕದಿಂದ ಚೌಕಕ್ಕೆ ಕುಟ್ಟಿಕೊಂಡು ಹೋಗುತ್ತಿದ್ದರು, ಏನನ್ನೂ ಬರೆಯದೆ.

"ಯಾಕೆ ಬಿಟ್ಟಿರಿ?"

"ಈ ಸೀನಿನ ಗಂಡ ಉತ್ತರ ಕೊಡುತ್ತಿಲ್ಲ. ಮಾತಾಡದೆ ಇರುವುದಕ್ಕೂ ಜಾಗ ಬೇಕಲ್ಲ?"

ನನಗೂ ಒಂದು ಕಟ್ಟು ಚೌಕಳಿ ಹಾಳೆ ಕೊಟ್ಟು, ಮನೆಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆ ಬರೆ ಎಂದಿದ್ದರು. ನನಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ನಾನು ಇಂಗ್ಲಿಷಿನಲ್ಲಿ ಉತ್ತರಿಸುವವಳು. ಹಾಗಾಗಿ ಅವರ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಚೌಕಕ್ಕೊಂದರಂತೆ ತುಂಬುತ್ತಿದ್ದೆ.

ಆ ವರ್ಷ ಗೌರಿ ಹಬ್ಬ ಕಳೆದ ಮೇಲೆ ದೊಡ್ಡ ಜಗಳ ಬಂತು. ಮೈಸೂರಿನಲ್ಲಿ ಚಿಕ್ಕಪ್ಪ ಒಂದು ಮೆಸ್ ತೆರೆಯುವವನಿದ್ದ, ಅಪ್ಪ ಬಂದರೆ ಮಾತ್ರ. ಅಪ್ಪನಿಗೆ ಹೋಗುವ ಆಸೆ. ತನ್ನದೇ ಒಲೆ, ಕಿಟಕಿ ಇರುವ ಅಡುಗೆಮನೆ. ಅಮ್ಮನಿಗೆ ಮಾತ್ರ ಇನ್ನೊಂದೇ ಯೋಚನೆ. ಪೇರೆಂಟ್ಸ್ ಈವ್ನಿಂಗಿನಲ್ಲಿ ನನ್ನ ಟೀಚರ್, ಈ ಹುಡುಗಿ ಯೂನಿವರ್ಸಿಟಿಗೆ ಹೋಗುವವಳು ಎಂದಿದ್ದನ್ನು ಅವರು ಲಾಂಡ್ರಿಯಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದರು. ಅಮ್ಮ ಓದಿದ್ದು ಏಳನೇ ಕ್ಲಾಸು, ಅಪ್ಪ ಅಷ್ಟೂ ಇಲ್ಲ. ಎದುರುಬದುರು ಒಂದು ಸೋಮವಾರ ಸಂಜೆಯೆಲ್ಲ ಕಿರುಚಾಡಿದರು. ಸೋಮವಾರ ಅಪ್ಪನ ಹೋಟೆಲಿಗೆ ರಜೆ, ವಾರದಲ್ಲಿ ನಾವು ಮೂವರೂ ಒಟ್ಟಿಗೆ ಉಣ್ಣುತ್ತಿದ್ದ ಒಂದೇ ಹೊತ್ತು ಅದು. ಬರದಿದ್ದರೆ ನಾನೊಬ್ಬನೇ ಹೋಗುತ್ತೇನೆ ಎಂದು ಅಪ್ಪ ಎದ್ದರು. ಆಮೇಲೆ ಮಾತಿಲ್ಲ. ಅಮ್ಮ ಅಪ್ಪನ ತಟ್ಟೆಗೆ ಬಡಿಸಿ ಮುಚ್ಚಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಅಪ್ಪನಿಗೆ ಸಮಾಧಾನ ಇದ್ದ ದಿನ ತಟ್ಟೆ ತೊಳೆದು ಬೋರಲು ಹಾಕಿರುತ್ತಿತ್ತು, ಸಿಟ್ಟಿದ್ದ ದಿನ ಸಿಂಕಿನಲ್ಲಿ ಬಿದ್ದಿರುತ್ತಿತ್ತು. ಅಷ್ಟು ಬಿಟ್ಟರೆ ಉಳಿದದ್ದೆಲ್ಲ ನನ್ನ ಮೂಲಕ.

"ಪುಟ್ಟಿ, ನಿಮ್ಮಮ್ಮಂಗೆ ಹೇಳು," ಎಂದು ಅಪ್ಪ ಸೋಫಾದಿಂದಲೇ ಶುರುಮಾಡುವರು. "ಬೇಸ್‌ಮೆಂಟಲ್ಲಿ ದೋಸೆ ಹುಯ್ದು ಹುಯ್ದು ನಾನು ಸರಿಯಾಗಿ ಹಗಲು ನೋಡಿ ಎಷ್ಟು ದಿನ ಆಯ್ತು ಅಂತ ಅವಳಿಗೆ ಗೊತ್ತಾ ಅಂತ ಕೇಳು."

ಆರು ಗಂಟೆಗೆ ನಾನು ಅಮ್ಮನಿಗೆ ಹೇಳುವುದು: ಅಪ್ಪನಿಗೆ ಸ್ವಲ್ಪ ಸುಸ್ತಂತೆ.

"ನಿಮ್ಮಪ್ಪಂಗೆ ಹೇಳು, ಅವರ ತಮ್ಮನ ಮೆಸ್ಸಲ್ಲಿ ಪಾತ್ರೆ ತಿಕ್ಕಕ್ಕೆ ನಾನು ಬರಲ್ಲ. ಮಗು ಓದು ಮುಗಿಯೋಗಂಟ ಈ ಬಾಗ್ಲು ದಾಟಲ್ಲ."

ಮಾರನೆಯ ದಿನ ನಾಲ್ಕಕ್ಕೆ ಅಪ್ಪನಿಗೆ: ಅಮ್ಮ ಯೋಚನೆ ಮಾಡ್ತಾರಂತೆ.

ಮೊದಮೊದಲು ಚೂಪಾದ್ದನ್ನು ಉಜ್ಜಿ ನಯಮಾಡುವುದಷ್ಟೇ ಇತ್ತು. ಆಮೇಲೆ ಧೈರ್ಯ ಬಂತು. ನನ್ನ ಮಾತು ಕೇಳಿ ಅಮ್ಮನ ಮುಖ ಸಡಿಲವಾಗುವುದನ್ನು ನೋಡಿದರೆ ಇನ್ನೂ ಒಂದು ಸೇರಿಸೋಣ ಅನಿಸುತ್ತಿತ್ತು. ಅವಳ ದಾರಿ ಅವಳಿಗೆ, ನನ್ನ ದಾರಿ ನನಗೆ ಎಂದು ಅಪ್ಪ ಹೇಳಿಕಳಿಸಿದ ದಿನ ನಾನು ಅಮ್ಮನಿಗೆ, ಅಪ್ಪ ಇಲ್ಲೇ ಇರ್ತಾರಂತೆ ಅಂದೆ. ಅವತ್ತು ಅಮ್ಮ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತರು. ನಂಬಲಿಲ್ಲವೋ ಏನೋ, ಬಿಗುಮಾನ ಬಿಡಲಿಲ್ಲ. "ಹಂಗೆಲ್ಲ ನನ್ನ ಮೇಲೆ ಋಣ ಹೊರಿಸೋದು ಬ್ಯಾಡ ಅನ್ನು. ಒಬ್ರೇ ಹೋಗೋದಾದ್ರೆ ಹೋಗ್ಲಿ," ಅಂದರು. ಸಾರು ತಿರುವುತ್ತ, ನನ್ನ ಕಡೆ ನೋಡದೆ, ಇನ್ನೊಂದು ಮಾತು ಸೇರಿಸಿದರು: "ಅವರು ಹೋದ್ರೆ ಈ ಮನೇಲಿ ನಂಗೆ ಒಂದು ತುತ್ತು ಇಳಿಯಲ್ಲ. ಇದನ್ನ ಹೇಳ್ಬ್ಯಾಡ." ಮಾರನೆಯ ದಿನ ಅಪ್ಪನಿಗೆ ನಾನು ಹೇಳಿದ್ದು: ಅಮ್ಮ, ಎಲ್ಲರೂ ಹೋಗೋಣ ಅಂದರು. ಅಪ್ಪ ತಟ್ಟೆ ತೊಳೆದು ಬೋರಲು ಹಾಕಿದರು. ಅಮ್ಮ ಬಂದು ಆ ತಟ್ಟೆ ನೋಡಿದರು, ಅಪ್ಪ ಉಳಿಯುವುದು ನಿಜ ಅಂದುಕೊಂಡರು. ಅದಾದ ಮೇಲೂ ಅವರು ಮಾತಾಡಲಿಲ್ಲ. ಇಬ್ಬರೂ ತಾವೇ ಗೆದ್ದೆವೆಂದುಕೊಂಡು, ಸೋತವರು ಮೊದಲು ಬಾಯಿಬಿಡಲಿ ಎಂದು ಕಾಯುತ್ತಿದ್ದರು.

ಮುಂದಿನ ಗುರುವಾರ ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ನಿಮ್ಮಮ್ಮ ಒಪ್ಪಿದ್ಲಲ್ಲ, ಇವತ್ತು ಓನರ್‌ಗೆ ಹೇಳ್ಬುಟ್ಟೆ, ಡಿಸೆಂಬರ್‌ಗೆ ಬಿಡ್ತೀನಿ ಅಂತ. ನಿಮ್ಮ ಚಿಕ್ಕಪ್ಪಂಗೂ ಫೋನ್ ಮಾಡ್ದೆ. ಅಲ್ಲೇ ನಿನ್ನ ಸ್ಕೂಲಿಗೂ ಮಾತಾಡ್ತಾನಂತೆ." ಆರು ಗಂಟೆಗೆ ಅಮ್ಮ ಕೋಟು ಬಿಚ್ಚುವ ಮೊದಲೇ ಕೈಚೀಲದಿಂದ ಒಂದು ಕಾಗದ ತೆಗೆದರು. "ನಿಮ್ಮಪ್ಪ ಇಲ್ಲೇ ಇರ್ತಾರಲ್ಲ, ಸೂಪರ್‌ವೈಸರ್ ಕೆಲಸಕ್ಕೆ ಸೈನ್ ಹಾಕ್ಬುಟ್ಟೆ ಕಣೆ! ಇನ್ನು ನೀನು ಓದು, ನಿಂಗ್ಯಾವ ಯೋಚ್ನೆನೂ ಬ್ಯಾಡ."

ನಾನು ಮೇಲೆ ಹೋಗಿ ಆ ಎರಡು ಮಾತನ್ನೂ ಚೌಕಳಿ ಹಾಳೆಗೆ ಇಳಿಸಿದೆ.

ಶುಕ್ರವಾರ ಸ್ಕೂಲಿನಿಂದ ಬಂದವಳು ಅಪ್ಪನ ಮುಖ ನೋಡದೆ ಮೆಟ್ಟಿಲು ಹತ್ತಿ ಚೌಕಳಿ ಹಾಳೆಗಳನ್ನೆಲ್ಲ ಕುಸ್ನಮ್ಮನ ಮುಂದೆ ಇಟ್ಟೆ. ಮೇಲಿನ ಸಾಲಿನಲ್ಲಿ ಅಪ್ಪ ಅಮ್ಮ ಹೇಳಿದ್ದು, ಕೆಳಗಿನ ಸಾಲಿನಲ್ಲಿ ನಾನು ತಲುಪಿಸಿದ್ದು. ಎರಡನ್ನೂ ಬರೆದಿಟ್ಟಿದ್ದೆ, ಯಾಕೆ ಎಂದು ಕೇಳಬೇಡಿ. ಬಹುಶಃ ಅದರಲ್ಲಿ ನನಗೆ ಹೆಮ್ಮೆ ಇತ್ತು. ನಾನು ಅನುವಾದಿಸುತ್ತ ಹೋದೆ, ಅವರು ಬೆರಳಿಟ್ಟು ಕೇಳುತ್ತ ಹೋದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ತಮ್ಮ ಕಥೆ ಹೇಳಿದರು, ನನಗೆ ಹೇಳಿದ ಒಂದೇ ಕಥೆ.

ಅವರದು ಬಂದರಿನ ಊರು, ತಂದೆ ಸೋಯಾ ಹಾಲಿನ ಗಡ್ಡೆ, ಅಂದರೆ ತೋಫು, ಮಾಡಿ ಮಾರುತ್ತಿದ್ದವರು. ಸ್ಕೂಲು ಬಿಡಿಸಿ ಇವರನ್ನು ಸಿನಿಮಾ ಸ್ಟುಡಿಯೋ ಒಂದಕ್ಕೆ ಸೇರಿಸಿದರು. ಅಲ್ಲಿ ಚಿತ್ರಕಥೆಗಳನ್ನು ಸೈಕ್ಲೋಸ್ಟೈಲ್ ಮಾಡಿ ನಟರಿಗೆ ಹಂಚುತ್ತಿದ್ದ ಕಾಲ. ಇವರೂ ಚಿಯೊ ಎಂಬ ಇನ್ನೊಬ್ಬ ಹುಡುಗಿಯೂ ಮೇಣದ ಹಾಳೆಯ ಮೇಲೆ ಉಕ್ಕಿನ ಮೊನೆಯಿಂದ ಅಕ್ಷರ ಕೊರೆಯುವವರು. ಒಂದು ಸೀನಿನಲ್ಲಿ ವರ್ಷಗಳ ಮೇಲೆ ಮನೆಗೆ ಬಂದ ಗಂಡನ ಎದುರು ಹೆಂಡತಿ ಒಂದು ಪುಟ ಅತ್ತುಕೊಂಡು ಮಾತಾಡುತ್ತಿದ್ದಳಂತೆ. ಇವರಿಗೆ ಅದು ಸುಳ್ಳು ಅನಿಸಿತು. ಪುಟವನ್ನೆಲ್ಲ ಬಿಟ್ಟು ‘ಊಟ ಆಯಿತೆ?’ ಎಂದಷ್ಟೇ ಕೊರೆದರು. ನಟಿ ಅದನ್ನೇ ಹೇಳಿದಳು. ಸೆಟ್ಟಿನಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡರು. ಸಂಜೆ ಚಿತ್ರಕಥೆಗಾರ ಬಂದು, ಯಾರು ಬದಲಾಯಿಸಿದ್ದು ಎಂದು ಕೇಳಿದ. ಇವರು ಬಾಯಿ ಬಿಡಲಿಲ್ಲ.

"ಮೂರು ದಿನ ಬಿಡಲಿಲ್ಲ. ಚಿಯೊ ಮಾಡಿದ್ದು ಅಂತ ಅವಳನ್ನು ಕಳಿಸಿದರು. ನಾಲ್ಕನೇ ದಿನ ನಾನು ಹೇಳಿದೆ. ಅಷ್ಟು ಹೊತ್ತಿಗೆ ಅವಳು ರೈಲು ಹತ್ತಿದ್ದಳು. ಬರೆದವನು ನನ್ನನ್ನು ಶಿಷ್ಯೆ ಮಾಡಿಕೊಂಡ. ನನ್ನ ಕೆಲಸ ಶುರುವಾದದ್ದು ಹಾಗೆ." ಪೆನ್ಸಿಲ್ ಕೆತ್ತುತ್ತಲೇ ಹೇಳುತ್ತಿದ್ದರು. "ಆಮೇಲೆ ನಾನು ಬರೆದ ಪ್ರತಿ ಕಥೆಯಲ್ಲೂ ಒಬ್ಬಳು ಚಿಯೊ ಇದ್ದಾಳೆ. ಅವಳು ನೋಡಿದಳೋ ಇಲ್ಲವೋ. ನೀನು ಬರೆದದ್ದು ಚೆನ್ನಾಗಿದೆ, ಶೈಲ. ಆದರೆ ಹೆಸರು ಹಾಕಿಲ್ಲ. ಹೆಸರು ಹಾಕದೆ ಬೇರೆಯವರ ಮಾತು ಬದಲಾಯಿಸಿದರೆ ಯಾರೋ ರೈಲು ಹತ್ತುತ್ತಾರೆ."

ನಾನು ಅಳುತ್ತಿದ್ದೆ. ಅವರು ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟರು. ಅದರ ಕೆಳಗಿನ ಚೌಕಗಳೆಲ್ಲ ಖಾಲಿ ಇದ್ದವು.

"ಇದನ್ನು ಯಾಕೆ ತಲುಪಿಸಲಿಲ್ಲ?"

"ಹೇಳಬೇಡ ಅಂದರು ಅಮ್ಮ."

"ಇಷ್ಟೆಲ್ಲದರಲ್ಲಿ ಅಮ್ಮ ಹೇಳಿದ ಹಾಗೆ ನೀನು ಕೇಳಿದ್ದು ಇದೊಂದೇ?" ಎಂದು ಕುಸ್ನಮ್ಮ ನಕ್ಕುಬಿಟ್ಟರು.

ಸೋಮವಾರ ಅಮ್ಮ ಮುದ್ದೆ, ಬಸ್ಸಾರು ಮಾಡಿದ್ದರು. ವಾರವೆಲ್ಲ ದೋಸೆ ಕಂಡ ಅಪ್ಪನಿಗೆ ಮನೆಯಲ್ಲಿ ಮುದ್ದೆಯೇ ಆಗಬೇಕು. ಗೆದ್ದವರ ಔದಾರ್ಯದಿಂದ ಅಮ್ಮ ಮಾಡಿದ್ದರು. ಯಾರೂ ಕರೆಯದೆ ಕುಸ್ನಮ್ಮ ತಮ್ಮ ಬಟ್ಟಲು, ಕಡ್ಡಿ ಹಿಡಿದು ಕೆಳಗೆ ಬಂದು ಕೂತರು. "ಮುದ್ದೆನ ಕಡ್ಡೀಲಿ ತಿಂತಾರೇನಮ್ಮ ಯಾರಾದ್ರೂ," ಎಂದು ಅಮ್ಮ ಗೋಡೆಗೆ ಹೇಳಿದರು. ಅಪ್ಪನ ಮೀಸೆ ಕದಲಿತು. ನಾನು ಹಾಳೆಗಳನ್ನು ತೆಗೆದು ಎದ್ದು ನಿಂತೆ. ನನ್ನ ಹೆಸರು ಹೇಳಿದೆ, ಇದನ್ನೆಲ್ಲ ಬದಲಾಯಿಸಿದ್ದು ನಾನು ಅಂದೆ. ಆಮೇಲೆ ಓದಿದೆ. ಅವರ ಮಾತನ್ನು ಅವರ ಕನ್ನಡದಲ್ಲೇ, ಹುಯ್ದು ಹುಯ್ದು, ದಾಟಲ್ಲ, ಪಾತ್ರೆ ತಿಕ್ಕಕ್ಕೆ, ಒಂದನ್ನೂ ಬಿಡದೆ. ಆ ಮನೆಯಲ್ಲಿ ನಾನು ಒಂದೇ ಉಸಿರಿಗೆ ಅಷ್ಟು ಕನ್ನಡ ಆಡಿದ್ದು ಅದೇ ಮೊದಲು. ಅಪ್ಪನ ಕೈ ಮುದ್ದೆಯ ಮೇಲೆ ನಿಂತಿತು. ಹಗಲು ನೋಡಿ ಎಷ್ಟು ದಿನ ಆಯಿತು ಎಂಬ ಸಾಲಿಗೆ ಅಮ್ಮ ತಲೆ ಎತ್ತಿದರು. ಡಿಸೆಂಬರಿನ ವಿಷಯ ಬಂದಾಗ "ಅಯ್ಯೋ" ಅಂದರು, ಸೂಪರ್‌ವೈಸರ್ ವಿಷಯಕ್ಕೆ ಅಪ್ಪ "ಏನು?" ಅಂದರು. ಇಬ್ಬರೂ ನನ್ನ ಕಡೆ ತಿರುಗಿದರು. ಅಪ್ಪ ಕೈ ಎತ್ತಿದ್ದರು, ಹೊಡೆಯುವವರೇ ಇದ್ದರು. ಕುಸ್ನಮ್ಮ ಕಡ್ಡಿಯಿಂದ ಬಟ್ಟಲನ್ನು ಟಣ್ ಅನ್ನಿಸಿ, "ಇನ್ನೂ ಒಂದು ಸಾಲು ಇದೆ," ಅಂದರು.

ನಾನು ಓದಿದೆ. "ಅವರು ಹೋದ್ರೆ ಈ ಮನೇಲಿ ನಂಗೆ ಒಂದು ತುತ್ತು ಇಳಿಯಲ್ಲ. ಇದನ್ನ ಹೇಳ್ಬ್ಯಾಡ."

ಅಮ್ಮ ಸೆರಗಿನಿಂದ ಮೇಜು ಒರೆಸತೊಡಗಿದರು, ಅಲ್ಲಿ ಏನೂ ಚೆಲ್ಲಿರಲಿಲ್ಲ. ಹೊರಗೆ ಬಸ್ಸೊಂದು ಬಂತು, ಹೋಯಿತು. ತಟ್ಟೆಯಲ್ಲಿ ಮುದ್ದೆಯಿಂದ ಏಳುತ್ತಿದ್ದ ಹಬೆ ತೆಳುವಾಗಿ ನಿಂತುಹೋಯಿತು. ಅಪ್ಪ ಎತ್ತಿದ್ದ ಕೈ ಯಾವಾಗ ಇಳಿಸಿದರೋ ನಾನು ನೋಡಲಿಲ್ಲ. ಅವರು ನನ್ನನ್ನು ಬಿಟ್ಟು, ಏಳು ವಾರಗಳ ಮೇಲೆ ಮೊದಲ ಸಲ, ಅಮ್ಮನನ್ನೇ ನೋಡಿ ಕೇಳಿದರು:

"ಯಾಕೆ ಹೇಳಬಾರ್ದು?"

ಅಮ್ಮ ಎದ್ದು, ಆರಿದ ಮುದ್ದೆ ತೆಗೆದು ಬಿಸಿಯದನ್ನು ಹಾಕಿದರು. ಅವತ್ತು ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಆಮೇಲೆ ಚೆನ್ನಾಗಿಯೇ ಬಿತ್ತು, ಅಮ್ಮನ ಕೈಯಿಂದ. ಅಪ್ಪ ಮೈಸೂರಿಗೆ ಹೋಗಲಿಲ್ಲ, ಚಿಕ್ಕಪ್ಪ ಬಹಳ ಕಾಲ ಅವರ ಜೊತೆ ಮಾತು ಬಿಟ್ಟ. ಹೋಟೆಲಿನವರು ಬೇರೆ ಮಾಸ್ಟರನ್ನು ನೇಮಿಸಿಕೊಂಡಿದ್ದರು, ಅಪ್ಪ ಚಳಿಗಾಲವಿಡೀ ಮನೆಯಲ್ಲಿ ಕೂತರು. ಕೊನೆಗೆ ಅಮ್ಮನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು. ಸ್ವಂತ ಒಲೆ ಅವರಿಗೆ ಕಡೆಗೂ ಆಗಲಿಲ್ಲ, ಅದು ನನ್ನ ಲೆಕ್ಕದಲ್ಲಿದೆ, ಮರೆತಿಲ್ಲ. ಆದರೆ ಆ ಕ್ಯಾಂಟೀನಿಗೆ ಕಿಟಕಿ ಇತ್ತು. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತಿದ್ದರು, ದಾರಿಯುದ್ದಕ್ಕೂ ಜಗಳವಾಡಿಕೊಂಡು, ನೇರವಾಗಿ.

ನಮ್ಮ ಎರಡೂ ಕಡೆಯ ವಂಶದಲ್ಲಿ ಡಿಗ್ರಿ ತೆಗೆದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಬೆವರು ಸುರಿಸಿದ್ದೇನೆ. ಜಪಾನಿ ಓದುತ್ತೇನೆ ಎಂದಾಗ ನಮ್ಮ ಕನ್ನಡ ಸಂಘದ ಯುಗಾದಿ ಊಟದಲ್ಲಿ ಡಾಕ್ಟರರ ಹೆಂಡತಿಯೊಬ್ಬರು "ಅದನ್ನು ಓದಿ ಏನಮ್ಮ ಮಾಡ್ತೀಯಾ?" ಎಂದು ಕನಿಕರಪಟ್ಟರು. "ಇನ್ನೊಬ್ರು ಆಡಿದ್ದನ್ನ ಆಡ್ದಂಗೆ ಹೇಳಕ್ಕೆ ಕಲೀತಾಳೆ, ಅವಳಿಗೆ ಅದು ಬೇಕಾಗೈತೆ," ಅಂದರು ಅಮ್ಮ. ಈಗ ನನ್ನ ಸಂಬಳ ಬರುವುದು ಅದರಿಂದಲೇ, ಕೋರ್ಟು ಕಚೇರಿಗಳಲ್ಲಿ ದುಭಾಷಿಯ ಕೆಲಸ. ಸೇರಿಸುವಂತಿಲ್ಲ, ಬಿಡುವಂತಿಲ್ಲ. ಕನ್ನಡ ಬರೆಯಲು ಕಲಿತದ್ದು ಅದಕ್ಕೂ ಎಷ್ಟೋ ಆಮೇಲೆ, ಅಮ್ಮನ ಹತ್ತಿರ, ಅದೇ ಊಟದ ಮೇಜಿನ ಮೇಲೆ.

ಕುಸ್ನಮ್ಮ ನಮ್ಮ ಮನೆಯಲ್ಲಿ ಹದಿನಾಲ್ಕು ವರ್ಷ ಇದ್ದರು. ಬರೆದ ನಾಟಕಗಳನ್ನೆಲ್ಲ ಅಂಗಡಿಯಿಂದ ಟೋಕಿಯೋಗೆ ಫ್ಯಾಕ್ಸ್ ಮಾಡುತ್ತಿದ್ದರು. ಆಮೇಲೆ ಕೊನೆಯ ಎರಡು ವರ್ಷ ಎಜ್‌ವೇರ್‌ನ ಒಂದು ಕೇರ್ ಹೋಮಿನಲ್ಲಿ. ಅದು ತೀರಾ ಸದ್ದಿಲ್ಲದ ಜಾಗ ಎಂದು ದೂರುತ್ತಲೇ ಹೋದರು. ಅವರ ಪೆಟ್ಟಿಗೆ ನನಗೆ ಬಂತು. ಅದರಲ್ಲಿ ಫ್ಯಾಕ್ಸ್ ಮಾಡದ ಒಂದು ನಾಟಕವಿತ್ತು. ಲಂಡನ್ನಿನ ಒಂದು ಮನೆ, ಗಂಡ, ಹೆಂಡತಿ, ಮಗಳು ಚಿಯೊ. ಕೊನೆಯ ಸೀನಿನ ಅಂಚಿನಲ್ಲಿ ಜಪಾನಿ ಅಕ್ಷರದಲ್ಲಿ ‘ಮುದ್ದೆ, ಬಸ್ಸಾರು’ ಎಂದಿತ್ತು. ಹೆಂಡತಿಯ ಹೇಳಬೇಡವೆಂದ ಮಾತಿನ ಮುಂದೆ ಎರಡು ಪೂರ್ತಿ ಹಾಳೆ ಖಾಲಿ ಚೌಕಗಳು, ಒಂದೊಂದರಲ್ಲೂ ಪೆನ್ಸಿಲ್ ಕುಟ್ಟಿದ ಚುಕ್ಕೆ.

ಅದನ್ನು ಇಂಗ್ಲಿಷಿಗೆ ತಂದಿದ್ದೇನೆ. ಪಬ್ಬೊಂದರ ಮೇಲಿನ ಸಣ್ಣ ರಂಗಮಂದಿರದಲ್ಲಿ ಆಡುವವರಿದ್ದಾರೆ. ಮೊನ್ನೆ ನಿರ್ದೇಶಕಿ ಫೋನ್ ಮಾಡಿದಳು.

"ಕೊನೆಯಲ್ಲಿ ಎರಡು ಪುಟ ಖಾಲಿ ಬಂದಿದೆ. ಪ್ರಿಂಟ್ ಆಗಿಲ್ಲವಾ?"

"ಆಗಿದೆ. ಅಲ್ಲಿ ಅಪ್ಪ ಯೋಚನೆ ಮಾಡುತ್ತಿದ್ದಾರೆ."

"ಎಷ್ಟು ಹೊತ್ತು?"

"ಮುದ್ದೆ ಆರುವವರೆಗೆ," ಅಂದೆ.